ಏಳು ದಿನ ತಂಗಿದ ತೂಫಾನು

ನಾರಾಯಣಖೇಡ. ಆಬಾನ್ ೯, ಫಸಲಿ ೧೩೪೭. ಬೆಳಿಗ್ಗೆ ಎಂಟು ಹೊಡೆದು ಹತ್ತು ನಿಮಿಷ

ಇವತ್ತೂ ಸೊನ್ನೆ. ಮಳೆಡಬ್ಬಿಯೊಳಗೆ ಒಂದು ಇರುವೆ, ಅದೂ ಸತ್ತದ್ದು. ಉತ್ತರಿ ಮಳೆ ಹುಟ್ಟಿ ಎರಡು ದಿನವಾಯಿತು... ಪಂಚಾಂಗದಲ್ಲಿ ಮಾತ್ರ.

ಹತ್ತು ನಿಮಿಷ ತಡವಾದದ್ದು ಪಕ್ಕದ ಮನೆ ಹಣಮಮ್ಮನ ಆಡಿನಿಂದ. ನಮ್ಮ ಅಂಗಳದಲ್ಲಿ ಡಬ್ಬಿಯ ಸುತ್ತಲಿನ ಮುಳ್ಳುಬೇಲಿಗೆ ತಲೆ ತೂರಿಸಿ ನಿಂತಿತ್ತು. ಇದು ಸರಕಾರದ ಡಬ್ಬಿ, ಮೇಲೆ ಆಲಿಕೆ, ಒಳಗೆ ಸೀಸೆ, ಸೀಸೆಗೆ ಬಿದ್ದ ನೀರನ್ನು ದಿನಾ ಎಂಟಕ್ಕೆ ಗೆರೆಗಾಜಿಗೆ ಸುರಿದು ಇಂಚು-ಸೆಂಟಿನಲ್ಲಿ ಬರೆಯಬೇಕು, ನೂರು ಸೆಂಟಿಗೆ ಒಂದು ಇಂಚು — ಇದನ್ನೆಲ್ಲ ಆಡಿಗೆ ಯಾರು ಹೇಳಬೇಕು? ಹಣಮಮ್ಮನಿಗೇ ಹೇಳಿ ಸೋತಿದ್ದೇನೆ.

ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ. ಉರ್ದುವಿನಲ್ಲಿ ಸೊನ್ನೆ ಅಂದರೆ ಒಂದು ಚುಕ್ಕೆ, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಚುಕ್ಕೆ ಇಟ್ಟೆನೋ. ಬರುವ ಬೇಸಿಗೆಗೆ ಪಿಂಚಣಿ. ಆಮೇಲೆ ಈ ಡಬ್ಬಿ ಯಾರ ಪಾಲಿಗೋ.

ತಹಸೀಲು ಕಚೇರಿಯಲ್ಲಿ ಬರೆಯುವುದು ಉರ್ದು, ಪೇಟೆಯಲ್ಲಿ ಆಡುವುದು ತೆಲುಗು. ಕನ್ನಡ ಉಳಿದಿರುವುದು ಹೆಂಡತಿಯೊಂದಿಗೆ ಜಗಳಕ್ಕೆ, ಮತ್ತು ಈ ವಹಿಗೆ. ಜಗಳಕ್ಕೆ ಸುಗಲಾ ಸಾಕು. ವಹಿಗೆ ಓದುವವರು ಬೇಡ.

ಆಬಾನ್ ೧೪

ಸೊನ್ನೆ.

ಟಪಾಲಿನಲ್ಲಿ ಹೈದರಾಬಾದಿನ ಹವಾಮಾನದ ಕಚೇರಿಯಿಂದ ಕಾಗದ. ಹಳೆಯ ತೂಫಾನುಗಳ ದಾರಿ ಗುರುತಿಸುತ್ತಿದ್ದಾರಂತೆ. ಬಂಗಾಲ ಕೊಲ್ಲಿಯಲ್ಲಿ ಹುಟ್ಟಿ, ದಂಡೆ ಹತ್ತಿ, ನಮ್ಮ ಸೀಮೆಯವರೆಗೆ ಬಂದವು ಯಾವುವು, ಎಷ್ಟು ದಿನ ಇದ್ದವು, ಯಾವ ಕಡೆ ಹೋದವು. ಅವರ ಪೈಕಿ ಒಬ್ಬರು ಖುದ್ದಾಗಿ ಬರುತ್ತಾರೆ. ಫಸಲಿ ೧೩೨೭ರ ಅಜೂರ್ ತಿಂಗಳ ರಿಜಿಸ್ಟರು ತೆಗೆದಿಡತಕ್ಕದ್ದು.

ನನ್ನ ಹತ್ತಿರ ಮುನ್ನೂರು ತಿಂಗಳ ಲೆಕ್ಕವಿದೆ. ಅದೇ ತಿಂಗಳು ಬೇಕೇ?

ಸುಗಲಾ ರೊಟ್ಟಿ ಬಡಿಯುತ್ತಲೇ ಕೇಳಿದಳು, "ಏನ್ ಬರದಾರ್ರಿ?"

"ಏನಿಲ್ಲ. ಮಳಿ ಲೆಕ್ಕ."

"ಮಳಿ ಲೆಕ್ಕಕ್ಕ ಮಾರಿ ಯಾಕ ಸುಣ್ಣ ಆಗ್ಯದ?"

ರೊಟ್ಟಿ ಒಂದೇ ತಿಂದೆ. ಅದನ್ನೂ ಎಣಿಸಿರುತ್ತಾಳೆ.

ಆಬಾನ್ ೧೬

ಇಲ್ಲಿ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ.

ಇಪ್ಪತ್ತೊಂದು ವರ್ಷದ ಮಾತು. ಆಗ ನಮ್ಮ ಮದುವೆಯಾಗಿ ಎಂಟು ವರ್ಷ, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಅವ್ವ ಗುರುಲಿಂಗಮ್ಮ ತಾಂಡೂರಿನಲ್ಲಿ ಅಣ್ಣ ವೀರಪ್ಪನ ಮನೆಯಲ್ಲಿದ್ದಳು. ಅವಳೇ ಬಶೀರಾಬಾದಿನಲ್ಲಿ ಇನ್ನೊಂದು ಹೆಣ್ಣು ಗೊತ್ತು ಮಾಡಿದಳು. ರವಿವಾರ ಸಕ್ಕರೆ ಹಂಚುವ ಶಾಸ್ತ್ರ, ಸೋಮವಾರವೇ ಹೊರಡು ಎಂದು ಅಣ್ಣ ಬರೆದ. ನಾನು ಹೂಂ ಅನ್ನಲಿಲ್ಲ. ಬೇಡ ಅನ್ನಲೂ ಇಲ್ಲ. ಹೊರಟೆ. ಅದೇ ಹೂಂ ಆಯಿತು.

ಆ ವರ್ಷ ದಸರೆ, ಮೊಹರಮ್ ಎರಡೂ ಕೂಡಿ ಬಂದಿದ್ದವು. ಕಚೇರಿಗೆ ಹತ್ತು ದಿನ ರಜೆ. ಸುಗಲಾಗೆ "ಅವ್ವಗ ಜ್ವರ" ಎಂದೆ. ಬುತ್ತಿ ಕಟ್ಟಿಕೊಟ್ಟಳು. ಇಪ್ಪತ್ತೈದರ ಹೆಂಗಸು, ಬಾಗಿಲಲ್ಲಿ ನಿಂತು "ಬೇಗ ಬರ್ರಿ" ಎಂದಳು.

ಎರಡು ಹರದಾರಿ ಹೋಗುವಷ್ಟರಲ್ಲಿ ಮಳೆ ಹಿಡಿಯಿತು. ಜಹೀರಾಬಾದಿನ ದಾರಿಗೆ ಅಡ್ಡ ಹರಿಯುವ ಹಳ್ಳ ತುಂಬಿ ಬಂತು. ದಂಡೆಯ ಮೇಲೆ ಹೊಲ ಕಾಯುವ ಪೀರಪ್ಪನ ಗುಡಿಸಲಲ್ಲಿ ಕೂತೆ. ಮೂರು ದಿನ ಸುರಿದು ನಿಂತಿತು. ಶುಕ್ರವಾರ ಹಳ್ಳ ಇಳಿಯಿತು. ಆಗ ಹೊರಟಿದ್ದರೂ ರವಿವಾರ ಬಶೀರಾಬಾದು ಮುಟ್ಟಬಹುದಿತ್ತು.

ಹೋಗಲಿಲ್ಲ. ಇನ್ನೂ ಮೂರು ದಿನ ಅಲ್ಲೇ ಕೂತು, ಮುಂದಿನ ಸೋಮವಾರ ಮನೆಗೆ ಬಂದೆ.

ಯಾಕೆ ಬರಲಿಲ್ಲ ಎಂದು ಕೇಳಲು ಅಣ್ಣ ಬರುತ್ತಾನೆಂದು ಸುದ್ದಿ ಬಂತು. "ನನಗೆ ಮನಸ್ಸಿಲ್ಲ" ಅನ್ನುವ ಧೈರ್ಯ ನನಗಿರಲಿಲ್ಲ, ಅವ್ವನ ಎದುರಿಗಂತೂ ಮೊದಲೇ ಇಲ್ಲ. ಎಲ್ಲವನ್ನೂ ಮಳೆಯ ಮೇಲೆ ಹಾಕಿದೆ. ರಿಜಿಸ್ಟರಿನಲ್ಲಿ ಆ ಏಳು ದಿನ ಖಾಲಿ ಇದ್ದವು. ಗೆರೆಗಾಜು ಬೀಗದಲ್ಲಿ, ಕೀಲಿ ನನ್ನ ಉಡಿದಾರದಲ್ಲಿ, ಅಳೆದವರಾರು? ಸೀಸೆಯೂ ಖಾಲಿ ಇತ್ತು, ನೀರು ಚೆಲ್ಲಿಹೋಗಿದೆ ಎಂದುಕೊಂಡೆ. ಏಳಕ್ಕೆ ಏಳೂ ದಿನ ಮಳೆ ಎಂದು ತುಂಬಿಸಿದೆ. ಹನ್ನೊಂದು ಇಂಚು. ಅಣ್ಣ ಕೆಂಡವಾಗಿ ಬಂದ, ರಿಜಿಸ್ಟರು ನೋಡಿದ, ತಣ್ಣಗಾದ. "ಸರಕಾರಿ ಸ್ಯಾಹಿ ಅದ. ಇದಕ್ಕೇನ್ ಅನ್ನಾಕ ಬರ್ತದ?" ಎಂದ. ಅವ್ವ "ಶಿವಗ ಮನಸಿಲ್ಲ ಬಿಡು" ಎಂದು ಆ ಮಾತು ಬಿಟ್ಟಳು. ಮತ್ತೆ ಎತ್ತಲಿಲ್ಲ, ಸಾಯುವವರೆಗೂ.

ಇಪ್ಪತ್ತಾರು ವರ್ಷದಲ್ಲಿ ಬರೆದ ಸುಳ್ಳು ಅದೊಂದೇ. ಅದನ್ನು ಈಗ ತಿದ್ದಬೇಕಾದರೆ ಯಾಕೆ ಬರೆದೆ ಎಂದು ಹೇಳಬೇಕು. ಹೇಳಿದರೆ ಸುಗಲಾಗೆ ತಿಳಿಯುತ್ತದೆ. ನನ್ನ ಬುತ್ತಿ ಕಟ್ಟಿಕೊಟ್ಟ ಕೈಗೆ, ಆ ಬುತ್ತಿ ಎಲ್ಲಿಗೆ ಹೊರಟಿತ್ತು ಅಂತ ಈ ವಯಸ್ಸಿನಲ್ಲಿ ತಿಳಿಸಲೇ?

ಆಬಾನ್ ೨೨

ಬಂದರು. ಅಧಿಕಾರಿ ಅಂದರೆ ದೊಡ್ಡ ಹೊಟ್ಟೆಯವರು ಯಾರೋ ಎಂದುಕೊಂಡಿದ್ದೆ. ಮಹಾದೇವ ಅಂತ, ಬೀದರ ಕಡೆಯವನು, ನಮ್ಮವನೇ, ಬಿ.ಎಸ್‌ಸಿ. ಪಾಸಾದವನು. ಇಪ್ಪತ್ತಾರಿರಬಹುದು. ನನ್ನ ಡಬ್ಬಿಯಷ್ಟೇ ವಯಸ್ಸು. ಕೈಯಲ್ಲಿ ಮೊಳಗಟ್ಟಲೆ ಉದ್ದದ ನಕ್ಷೆಯ ಸುರುಳಿ. ಬಂದವನೇ ಕೈ ಮುಗಿದು "ಕಾಕಾ" ಎಂದ, ಸುಗಲಾಗೆ "ಕಾಕಿ" ಎಂದ. ಅವಳು ಕೂಡಲೇ ಎಣ್ಣೆಗಾಯಿಗೆ ಬದನೆಕಾಯಿ ಹೆಚ್ಚಲು ಕೂತಳು.

ಡಬ್ಬಿಯನ್ನು ದೇವರಂತೆ ಸುತ್ತಿ ನೋಡಿದ. "ಒಂದು ದಿನಾನೂ ತಪ್ಪಿಲ್ಲೇನ್ರಿ ಕಾಕಾ? ಇಪ್ಪತ್ತಾರು ವರ್ಷ?"

ಆಡಿನ ಸುದ್ದಿ ತೆಗೆದು ಮಾತು ಮರೆಸಿದೆ.

ಆಬಾನ್ ೨೩

ನಕ್ಷೆಯನ್ನು ಪಡಸಾಲೆಯಲ್ಲಿ ಹಾಸಿದ. ನಾಲ್ಕು ಮೂಲೆಗೆ ನಾಲ್ಕು ಲೋಟ. ಬಲಗಡೆ ಎಲ್ಲ ಸಮುದ್ರ. ಅಂಡಮಾನಿನ ಆಚೆಯಿಂದ ಹೊರಟ ಕೆಂಪು ಗೆರೆಗಳು ಒಂದೊಂದೂ ಒಂದು ತೂಫಾನು. ಕೆಲವು ಉತ್ತರಕ್ಕೆ ತಿರುಗಿವೆ, ಕೆಲವು ಮಚಲಿ ಬಂದರಿನ ಹತ್ತಿರ ದಂಡೆ ಹತ್ತಿ ನಮ್ಮ ಮೇಲೆ ಹಾಯ್ದು ಅರಬ್ಬೀ ಸಮುದ್ರಕ್ಕೆ ಹೋಗಿವೆ. ನಾನು ಸಮುದ್ರ ಕಂಡವನಲ್ಲ. ಆದರೆ ಅದರ ನೀರು ಅಳೆಯುತ್ತಲೇ ಮುದುಕನಾದೆ ಎಂದು ಇವತ್ತು ತಿಳಿಯಿತು.

ಸುಗಲಾ ಬಾಗಿಲಲ್ಲಿ ನಿಂತು ಕೇಳಿದಳು, "ಎಲ್ಲಾ ವರ್ಷ ಇಷ್ಟೇ ಬರ್ತಾವೇನಪ್ಪ?"

"ಇಲ್ರಿ ಕಾಕಿ. ಒಂದ್ ವರ್ಷ ಹನ್ನೆರಡು ಬರ್ತಾವ, ಒಂದ್ ವರ್ಷ ಐದು. ಅದೇ ನಮಗೂ ತಿಳೀವಲ್ದು. ಸಮುದ್ರದ ಒಂದು ದಂಡ್ಯಾಗ ಹವಾದ ಭಾರ ಏರಿದ್ರ, ಸಾವಿರಾರು ಹರದಾರಿ ಆಚಿ ಇನ್ನೊಂದು ದಂಡ್ಯಾಗ ಇಳೀತದ. ತಕ್ಕಡಿ ಇದ್ದಂಗ. ಯಾವ ವರ್ಷ ಯಾವ ಕಡಿ ವಾಲತದ ಅಂತ ತಿಳಕೋಬೇಕಾದ್ರ ಐವತ್ತು, ಅರವತ್ತು ವರ್ಷದ ಲೆಕ್ಕ ಬೇಕು. ನೀರಿನ ಮ್ಯಾಲ ಡಬ್ಬಿ ಇಡಾಕ ಆಗಲ್ಲ. ಅದಕ್ಕ ಕಾಕಾನಂಥೋರ ಅಂಗಳೇ ಗತಿ."

"ಹಂಗಾರ ಒಬ್ರು ತಪ್ಪು ಬರದ್ರ?"

ಅವಳು ಕೇಳಿದ್ದು ಸುಮ್ಮನೆ. ನಾನು ನಕ್ಷೆಯ ಮೂಲೆಯ ಲೋಟ ಎತ್ತಿ ಮತ್ತೆ ಅಲ್ಲೇ ಇಟ್ಟೆ.

"ತಕ್ಕಡಿನೇ ತಪ್ಪತದ್ರಿ," ಎಂದ ಮಹಾದೇವ. ಆಮೇಲೆ ನಕ್ಷೆಯ ಮೇಲೆ ಬೆರಳಿಟ್ಟ. "ಇಲ್ಲಿ ನೋಡ್ರಿ ಕಾಕಾ. ೧೩೨೭ರ ತೂಫಾನು. ತಾಂಡೂರಿನಾಗ ಮೂರು ದಿನ, ಕೊಹೀರಿನಾಗ ಮೂರು ದಿನ, ಜಹೀರಾಬಾದಿನಾಗ ಮೂರು ದಿನ. ನಿಮ್ಮ ನಾರಾಯಣಖೇಡಕ್ಕ ಬಂದು ಏಳು ದಿನ ಕೂತದ! ಇಲ್ಲಿ ಗಿರಕಿ ಹೊಡದದ ಅಂತ ತೋರಿಸೀನಿ. ಇಂಥಾದ್ದು ಎಲ್ಲೂ ಇಲ್ರಿ. ಇದರ ಮ್ಯಾಲ ಲೇಖ ಬರದೀನಿ, ಅಚ್ಚಿಗೆ ಕೊಡೋದೊಂದು ಬಾಕಿ."

ನಮ್ಮೂರಿನ ಹೆಸರಿನ ಸುತ್ತ ಕೆಂಪು ಗೆರೆ ಬಳೆಯಂತೆ ಸುತ್ತಿತ್ತು. ಅದನ್ನು ತೋರಿಸುವಾಗ ಅವನ ಕಣ್ಣಿನಲ್ಲಿ ಬೆಳಕು.

ಅಣ್ಣನನ್ನು ನಂಬಿಸಲು ಬರೆದ ಸುಳ್ಳಿಗೆ ಒಂದು ಸಮುದ್ರದ ತೂಫಾನೇ ದಾರಿ ತಪ್ಪಿದೆ. ನಗು ಬರಬೇಕಿತ್ತು. ಬರಲಿಲ್ಲ. ಸಂಜೆ ಅವನು ಕೊಹೀರಿನ, ತಾಂಡೂರಿನ ರಿಜಿಸ್ಟರು ಇನ್ನೊಮ್ಮೆ ನೋಡಿಬರಲು ಹೋದ. ಅಜೂರ್ ನಾಲ್ಕಕ್ಕೆ ಮರಳಿ ಬಂದು ಲೆಕ್ಕ ಸರಿಯೆಂದು ನನ್ನ ರುಜು ತೆಗೆದುಕೊಂಡು ಹೈದರಾಬಾದಿಗೆ ಹೋಗುತ್ತಾನೆ.

ಆಬಾನ್ ೨೬

ಸೊನ್ನೆ. ಎರಡು ಸಲ ಬಾಯಿ ತೆರೆದೆ. ಒಮ್ಮೆ ಹಣಮಮ್ಮ ಬಂದಳು. ಇನ್ನೊಮ್ಮೆ ಯಾರೂ ಬರಲಿಲ್ಲ, ಆದರೂ ಹೇಳಲಿಲ್ಲ.

ಆಬಾನ್ ೨೯

ನಾಲ್ಕು ಸೆಂಟು. ಹಸ್ತ ಮಳೆಯ ಮುಖ ತೊಳೆಯಲೂ ಸಾಲದು.

ಒಂದು ಉಪಾಯ ಹೊಳೆದಿತ್ತು: "ಆ ತಿಂಗಳು ಡಬ್ಬಿ ಸೋರುತ್ತಿತ್ತು" ಎಂದು ಬರೆದುಕೊಡುವುದು. ಮಾತೂ ಮುಗಿಯಿತು, ಮಾನವೂ ಉಳಿಯಿತು. ಆದರೆ ಸೋರುವ ಡಬ್ಬಿ ಏಳು ದಿನ ಹೆಚ್ಚು ಮಳೆ ಹೇಗೆ ತೋರಿಸೀತು? ಸುಳ್ಳಿಗೂ ಒಂದು ಗಣಿತ ಬೇಕು. ಅಲ್ಲದೆ ಡಬ್ಬಿಯೇ ಕೆಟ್ಟಿತ್ತು ಎಂದರೆ ಅಂದಿನವರೆಗಿನ ಲೆಕ್ಕವೆಲ್ಲ ಹೊಡೆದುಹಾಕುತ್ತಾರೆ.

ಸುಗಲಾ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಊಟ ಯಾಕ ಬಿಟ್ಟೀರಿ? ಮಘಿ ಮಳಿ ಬಂದಷ್ಟೂ ಚಲೋ, ಮನಿ ಮಗ ಉಂಡಷ್ಟೂ ಚಲೋ ಅಂತಾರ." ಎಂದವಳೇ ನಾಲಿಗೆ ಕಚ್ಚಿಕೊಂಡಳು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಆ ಗಾದೆ ಅರ್ಧಕ್ಕೇ ನಿಲ್ಲಬೇಕು. ಮರೆತು ಪೂರ್ತಿ ಹೇಳಿದಳು. ಆಮೇಲೆ ಅವಳೇ ನಕ್ಕು "ನೀವೇ ಮಗ ಅಂತ ತಿಳಕೊಂಡು ಉಣ್ರಿ" ಎಂದಳು.

ಉಂಡೆ.

ಅಜೂರ್ ೧, ಫಸಲಿ ೧೩೪೮. ಮಧ್ಯಾಹ್ನ

ಸರಕಾರದ ಹೊಸ ವರ್ಷ, ಹೊಸ ರಿಜಿಸ್ಟರು. ಮೊದಲ ಪುಟದಲ್ಲಿ ಅರ್ಧ ಹೆಸರು ಬರೆದೆ. ಪೆನ್ನು ಇಟ್ಟು ಒಳಗೆ ಹೋದೆ. ಸುಗಲಾ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತೆ. ಜೋಳವನ್ನೇ ನೋಡುತ್ತ ಎಲ್ಲವನ್ನೂ ಹೇಳಿದೆ. ಬಶೀರಾಬಾದು, ಸಕ್ಕರೆ, ಹಳ್ಳ, ರಿಜಿಸ್ಟರು. ಅವಳ ಕೈ ನಿಲ್ಲಲಿಲ್ಲ. ಹರಳು ಆರಿಸುತ್ತಲೇ ಇದ್ದಳು.

"ಗೊತ್ತದ," ಎಂದಳು.

"ಏನ್ ಗೊತ್ತದ?"

"ಅವ್ವಗ ಜ್ವರ ಬಂದ್ರ ಯಾರರ ಜರಿ ರುಮಾಲು ಸುತ್ಕೊಂಡು ಹೋಗ್ತಾರೇನ್ರಿ? ನಾ ಏನ್ ಕುರುಡಿ ಇದ್ದೆನೇನು?"

ಜರಿ ರುಮಾಲು! ಇಪ್ಪತ್ತೊಂದು ವರ್ಷ ಅದು ನನ್ನ ತಲೆಗೇ ಹೊಳೆದಿರಲಿಲ್ಲ, ತಲೆಯ ಮೇಲೇ ಇದ್ದರೂ.

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀವೇನ್ ಹೇಳ್ತಿದ್ರಿ?"

ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ತವರಿನಿಂದ ಬಂದ ಸಂದೂಕದ ಮುಚ್ಚಳ ಎತ್ತಿ "ಬರ್ರಿ ಇಲ್ಲಿ" ಎಂದಳು.

ಮುಚ್ಚಳದ ಒಳಮೈಗೆ ಕಾಡಿಗೆಯ ಗುರುತು. ಏಳು ಸಾಲು. ಮೊದಲ ಮೂರು ಸಾಲಿನಲ್ಲಿ ಚುಕ್ಕೆಗಳು, ಒತ್ತೊತ್ತಾಗಿ. ಉಳಿದ ನಾಲ್ಕರಲ್ಲಿ ಒಂದೊಂದು ಅಡ್ಡಗೆರೆ, ಬೇರೇನಿಲ್ಲ.

"ಇದೇನು?"

"ನಿಮ್ಮ ಡಬ್ಬಿ ಮಳಿ." ಸೆರಗಿನಿಂದ ಮುಚ್ಚಳದ ಧೂಳು ಒರೆಸಿದಳು, ಚುಕ್ಕೆಗೆ ತಾಗದಂತೆ. "ನೀವು ಹ್ವಾದ ಮರುದಿನ ಎಂಟಕ್ಕ ಅಂಗಳದಾಗ ನಿಂತಿದ್ದೆ. ಮಳಿ ಸುರೀಲಿಕತ್ತಿತ್ತು. ಗಾಜು ಬೀಗದಾಗ. ಯಾರೂ ಅಳೀಲಿಲ್ಲ ಅಂದ್ರ ನಿಮ್ಮ ಲೆಕ್ಕ ನಡುವ ಹರೀತದ ಅನಸ್ತು. ಒಳಲಿ ಇತ್ತಲ್ಲ, ಅದರಿಂದ ಅಳದೆ."

ಒಳಲೆ. ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ. ಮದುವೆಯ ಮೊದಲ ವರ್ಷ ಅವಳ ತಾಯಿ ಕೊಟ್ಟದ್ದು. ಎಂಟು ವರ್ಷ ಗೂಡಿನಲ್ಲಿ ಬೋರಲಾಗಿ ಕೂತಿತ್ತು.

"ಯಾಕ ಸುಗಲಾ? ನಾ ಎಲ್ಲಿ ಹೊಂಟೀನಂತ ಗೊತ್ತಿದ್ದೂ..."

"ನೀವು ಬರ್ತೀರೋ ಇಲ್ಲೋ, ಬಂದ್ರ ಒಬ್ರೇ ಬರ್ತೀರೋ ಇಬ್ರು ಬರ್ತೀರೋ, ನನಗೇನ್ ಗೊತ್ತಿತ್ತು? ಮಳಿ ಅಂತೂ ಬಂದಿತ್ತು. ಬಂದದ್ದನ್ನರ ಅಳದಿಡಬೇಕು ಅನಸ್ತು."

ಸಂದೂಕದ ಅಂಚು ಹಿಡಿದು ಕೂತೆ. ಅವಳು ಬಗ್ಗಿ ನಾಲ್ಕು ಅಡ್ಡಗೆರೆಯ ಮೇಲೆ ಬೆರಳಾಡಿಸಿದಳು.

"ಇವು ನೋಡ್ರಿ. ಮಳಿ ಇಲ್ಲದ ನಾಕು ಮುಂಜಾನಿ. ನಮ್ಮ ಕಡಿ ಹಳ್ಳ ಮಳಿ ನಿಂತ ಮರುದಿನ ಮೊಳಕಾಲಿಗೆ ಇಳೀತದ. ಎಮ್ಮಿ ಕರೂನೂ ದಾಟ್ತಾವ. ಆಮ್ಯಾಲ ಭಾವನೋರು ಬಂದು, ಯಾಕ ಬರಲಿಲ್ಲ ಅಂತ ಒದರಾಡಿದ್ರು. ನಾ ಒಳಗ ನಿಂತು ಕೇಳಿದೆ. ಏಳೂ ದಿನ ಮಳಿ ಇತ್ತಂತ ನೀವು ಅಂದ್ರಿ. ಅವತ್ತ ಗೊತ್ತಾತು ನನಗ. ನೀರು ತಡೀಲಿಲ್ಲ ನಿಮಗ. ನೀವೇ ನಿಂತಿದ್ರಿ."

ಮುಚ್ಚಳ ಹಿಡಿದೇ ಹೇಳಿದಳು, "ಇಪ್ಪತ್ತೊಂದು ವರ್ಷ ಈ ಮುಚ್ಚಳ ತೆಗದಾಗೊಮ್ಮೆ ನಾ ಚುಕ್ಕಿ ನೋಡಿಲ್ರಿ. ಗೆರಿ ನೋಡೀನಿ."

ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ. ಅವಳು ಒರೆಸಿದಳು, ಜೋಳದ ಧೂಳಿನ ಕೈಯಿಂದಲೇ. ನಾನು ನನ್ನ ಕಳ್ಳತನ ಎಂದು ಬಚ್ಚಿಟ್ಟದ್ದನ್ನು ಇವಳು ತನ್ನ ಒಡವೆಯೆಂದು ಸಂದೂಕದಲ್ಲಿ ಇಟ್ಟಿದ್ದಾಳೆ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಇದು ನನಗೆ ಗೊತ್ತಿರಲಿಲ್ಲ.

ಅದೇ ದಿನ, ಸಂಜೆ

ಒಳಲೆ ತುಂಬ ನೀರು ಹಿಡಿದು ಗೆರೆಗಾಜಿಗೆ ಸುರಿದೆ. ಹನ್ನೆರಡು ಸೆಂಟು. ಮೂರು ಸಲ ನೋಡಿದೆ, ಮೂರು ಸಲವೂ ಹನ್ನೆರಡು. ಚುಕ್ಕೆ ಎಣಿಸಿದೆ. ಎಂಟು, ಮೂವತ್ತು, ಹದಿಮೂರು.

ಬರೆದು ತೋರಿಸಿ ಓದಿ ಹೇಳಿದೆ. ಸುಗಲಾ ಕೆರಳಿದಳು. "ಲಾಭ ಎಲ್ಲಿ ಬಿಟ್ರಿ?"

ಪ್ರತಿ ಸಾಲಿನ ತಲೆಯಲ್ಲಿ ಒಂದು ಸಣ್ಣ ಬಳೆಯಂಥ ಗುರುತಿತ್ತು. ಅಂದ ಮಾಡಿದ್ದಾಳೆ ಎಂದುಕೊಂಡಿದ್ದೆ. ಅಲ್ಲ. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲವಲ್ಲ, ಲಾಭ ಅನ್ನುತ್ತೇವೆ, ಆಮೇಲೆ ಎರಡು, ಮೂರು. ಮಳೆಯನ್ನೂ ಹಾಗೇ ಅಳೆದಿದ್ದಾಳೆ. ಹೈದರಾಬಾದಿನ ಯಾವ ಬಿ.ಎಸ್‌ಸಿ.ಗೂ ಇದು ತಿಳಿಯುತ್ತಿರಲಿಲ್ಲ. ನನಗೇ ತಿಳಿಯಲಿಲ್ಲ.

ಹಾಗಾದರೆ ಒಂಬತ್ತು, ಮೂವತ್ತೊಂದು, ಹದಿನಾಲ್ಕು. ಒಟ್ಟು ಐವತ್ತನಾಲ್ಕು ಒಳಲೆ. ಆರು ಇಂಚು ನಲವತ್ತೆಂಟು ಸೆಂಟು.

"ಒಂದು ಹನಿ ಚೆಲ್ಲಿಲ್ಲ," ಎಂದಳು. ಇಪ್ಪತ್ತೊಂದು ವರ್ಷದ ಮೇಲೆ, ನಿನ್ನೆ ಅಳೆದವಳ ಹಾಗೆ.

ಅಜೂರ್ ೪

ಮಹಾದೇವ ಬಂದ. ರುಜು ಹಾಕುವ ಮೊದಲು ಒಂದು ಮಾತಿದೆ ಎಂದೆ. ಪೂರ್ತಿ ಹೇಳಿದೆ, ಸುಗಲಾಳ ಎದುರಿಗೇ. ಸಂದೂಕದ ಮುಚ್ಚಳ ತೋರಿಸಿದೆ.

ಅವನು ಕಾಗದದ ಮೇಲೆ ಲೆಕ್ಕ ಹಾಕಿದ. ಕೊಹೀರು ಆರೂವರೆ, ಜಹೀರಾಬಾದು ಆರರ ಮೇಲೆ ಚೂರು. ಆಮೇಲೆ ನಕ್ಷೆ ಬಿಚ್ಚಿ ನಮ್ಮೂರಿನ ಸುತ್ತಲಿನ ಬಳೆಯನ್ನು ರಬ್ಬರಿನಿಂದ ಉಜ್ಜತೊಡಗಿದ. ಕೆಂಪು ಪೂರ್ತಿ ಹೋಗಲಿಲ್ಲ, ಕಾಗದ ಸವೆಯಿತು. ಬಳೆ ಹೋದ ಮೇಲೆ ಗೆರೆ ನೆಟ್ಟಗೆ ಹಾಯ್ದು ಪಶ್ಚಿಮಕ್ಕೆ ನಡೆಯಿತು. ಅವನ ಮುಖ ನೋಡಲಾಗಲಿಲ್ಲ ನನಗೆ. ಅವನ ಲೇಖದ ಜೀವವೇ ಆ ಬಳೆಯಾಗಿತ್ತು.

"ತಪ್ಪಾತಪ್ಪ," ಎಂದೆ.

"ಎರಡು ತಿಂಗಳಿಂದ ಈ ಗಿರಕಿಗೆ ಕಾರಣ ಹುಡುಕ್ಲಿಕತ್ತಿದ್ದೆ ಕಾಕಾ," ಎಂದ. "ಸಮುದ್ರದಾಗ ಹುಡುಕಿದೆ, ಗುಡ್ಡದಾಗ ಹುಡುಕಿದೆ. ಬಶೀರಾಬಾದಿನಾಗ ಇರ್ತದಂತ ಯಾರಿಗೆ ಗೊತ್ತು?" ಆಮೇಲೆ ನಗು ತಡೆಯಲಾರದೆ ನಕ್ಕ. ಸುಗಲಾ ನಕ್ಕಳು. ನಾನು ಕೊನೆಗೆ.

ಫಾರಮು ತುಂಬಿಸಿದ. "ಅಳೆದವರ ಹೆಸರು?" ಸುಗಲಾಬಾಯಿ, ಎಂದೆ. "ಯಾವುದರಿಂದ?" ಒಳಲೆಗೆ ಉರ್ದುವಿನಲ್ಲಿ ಏನನ್ನುತ್ತಾರೋ ಇಬ್ಬರಿಗೂ ಹೊಳೆಯಲಿಲ್ಲ. ಒಳಲೆ ಎಂದೇ ಬರೆದುಕೊಂಡ. ಹೋಗುವಾಗ ಕಾಕಿಯ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗಿ, "ನಿಮಗ ದಂಡ ಹಾಕಬೇಕಿತ್ತು," ಎಂದ. ಎರಡು ಎಣ್ಣೆಗಾಯಿ ರೊಟ್ಟಿಯಲ್ಲಿ ಸುತ್ತಿಸಿಕೊಂಡು ಬಸ್ಸು ಹತ್ತಿದ.

ಅಜೂರ್ ೧೫

ಬರೆಯಲು ಪುರಸೊತ್ತಾಗಲಿಲ್ಲ. ಸಂಜೆಗೆ ಇಬ್ಬರೂ ಅಂಗಳದಲ್ಲಿ ಕೂತು ಮಾತಾಡುವುದೇ ಆಗಿದೆ. ಇಷ್ಟು ವರ್ಷ ಏನು ಮಾತಾಡುತ್ತಿದ್ದೆವೋ ನೆನಪಾಗದು.

ಹೈದರಾಬಾದಿನ ಕಾಗದ ಬಂತು. ಏಳು ದಿನದ ಹಳೆಯ ಲೆಕ್ಕ ರದ್ದು. ಹೊಸದು ಮಂಜೂರು. ನನಗೆ "ಮುಂದೆ ಎಚ್ಚರ" ಎಂದು ಎರಡು ಸಾಲಿನ ತಾಕೀತು. ಕೆಳಗೆ ಮಹಾದೇವನ ಕೈಬರಹ, ಕನ್ನಡದಲ್ಲಿ: ಈ ವರ್ಷ ಕೊಲ್ಲಿ ಸುಮ್ಮನಿಲ್ಲ, ಅಂಡಮಾನಿನ ಆಚೆ ಹವೆಯ ಭಾರ ಇಳಿಯುತ್ತಿದೆ, ಡಬ್ಬಿ ನೋಡಿಕೊಳ್ಳಿ, ಆಡನ್ನೂ.

ತಾಕೀತನ್ನು ಸುಗಲಾಗೆ ಓದಿ ಹೇಳಿದೆ. "ಇನ್ನೊಮ್ಮಿ ಓದ್ರಿ," ಎಂದಳು. ಮೂರು ಸಲ ಓದಿಸಿದಳು. ಇಪ್ಪತ್ತೊಂದು ವರ್ಷದ ಬಡ್ಡಿ.

ಅಜೂರ್ ೧೯. ಸಂಜೆ

ಎರಡು ಇಂಚು ಆರು ಸೆಂಟು!

ನಿನ್ನೆ ಮಧ್ಯಾಹ್ನ ಮೂಡಣದಿಂದ ಮೋಡ ಬಂತು, ಸಂಜೆಗೆ ಹಿಡಿಯಿತು. ಅಂಡಮಾನಿನ ಆಚೆಯಿಂದ ನಮ್ಮ ಅಂಗಳಕ್ಕೆ. ಸ್ವಾತಿಯ ಮೊದಲ ಮಳೆ. ತೊಯ್ದು ಅಳೆದದ್ದಕ್ಕೆ ನನಗೆ ಶೀತ, ಕೆಮ್ಮು. ನಾಳೆಯಿಂದ ಹೊರಗೆ ಕಾಲಿಡಬಾರದು ಎಂದು ಸುಗಲಾಳ ಹುಕುಂ. ಮತ್ತೆ ಅಳೆಯುವವರು? "ನಿಮ್ಮ ಗಾಜು ನನಗ ಬ್ಯಾಡ," ಎಂದು ಒಳಲೆ ತೊಳೆದಿಟ್ಟಿದ್ದಾಳೆ.

ಮಧ್ಯಾಹ್ನ ಕಷಾಯ ಕೊಡುತ್ತ ಕೇಳಿದಳು, "ಆ ಗುಡಿಸಲದಾಗ, ನೀರು ಇಳದ ಮ್ಯಾಲ, ಏನ್ ಮಾಡಿದ್ರಿ? ಆವತ್ತೇ ಮನಿಗೆ ಬರಬಹುದಿತ್ತಲ್ಲ."

"ರವಿವಾರ ದಾಟಲಿ ಅಂತ ಕೂತಿದ್ದೆ. ಮೊದಲೇ ಬಂದ್ರ ಅಣ್ಣ ಮತ್ತ ಕರಕೊಂಡು ಹೋಗ್ತಿದ್ದ."

"ನೀರು ಇಳೀಲಿ ಅಂತ ಕಾಯೋರು ಭಾಳ ಮಂದಿ," ಎಂದಳು. "ಮುಹೂರ್ತ ಹೋಗ್ಲಿ ಅಂತ ಕಾದೋರು ನೀವೊಬ್ರೇ."

ಅವಳಿಗೆ ಹೇಳದೆ ಉಳಿದದ್ದು ಇನ್ನೊಂದಿದೆ. ದಿನಾ ಎಂಟಕ್ಕೆ ಗುಡಿಸಲಿನ ಹೊರಗೆ ಎದ್ದು ನಿಲ್ಲುತ್ತಿದ್ದೆ. ಅಲ್ಲಿ ಡಬ್ಬಿ ಇರಲಿಲ್ಲ. ಆದರೂ ಊರಿನ ದಿಕ್ಕಿಗೆ ತಿರುಗಿ ನಿಲ್ಲುತ್ತಿದ್ದೆ. ಈಗ ಗೊತ್ತಾಗಿದೆ, ಅದೇ ಹೊತ್ತಿಗೆ ಇಲ್ಲಿ ಅವಳೂ ನಿಂತಿದ್ದಳು. ನಾಳೆ ಹೇಳಬೇಕು.

ಅಜೂರ್ ೨೦. ಬೆಳಿಗ್ಗೆ ಎಂಟು

ರಾತ್ರಿಯಿಡೀ ಸುರಿದಿದೆ, ಇನ್ನೂ ಸುರಿಯುತ್ತಿದೆ. ಕಿಟಕಿಯ ಹತ್ತಿರ ಮಂಚ, ತೊಡೆಯ ಮೇಲೆ ರಿಜಿಸ್ಟರು, ಅದರ ಮೇಲೆ ಈ ವಹಿ. ಹೊರಗೆ ಸುಗಲಾ, ತಲೆಯ ಮೇಲೆ ಗೋಣಿಕೊಪ್ಪೆ. ಅವಳು ಕೂಗಿ ಎಣಿಸುವುದು, ನಾನು ಬರೆಯುವುದು.

ಲಾಭ.

ಎರಡು. ಮೂರು. ನಾಲ್ಕು.

ಐದು — ಹಣಮಮ್ಮನ ಆಡಿಗೆ ಬೈದಳು, ಎಣಿಕೆ ತಪ್ಪಲಿಲ್ಲ.

ಆರು. ಏಳು. ಎಂಟು. ಒಂಬತ್ತು.

ನಿಲ್ಲಿಸಿದಳು. ಕಿಟಕಿಯಿಂದ ನೋಡಿದೆ. ಒಳಲೆ ಹಿಡಿದುಕೊಂಡು ಈ ಕಡೆ ತಿರುಗಿ ನಿಂತಿದ್ದಾಳೆ, ಮುಖದ ಮೇಲೆ ನೀರು ಇಳಿಯುತ್ತಿದೆ. ನಮ್ಮಿಬ್ಬರ ನಡುವೆ ಅಂಗಳದ ತುಂಬ ಕೆಂಪು ನೀರು ಹರಿಯುತ್ತಿದೆ, ಮೊಳಕಾಲಿಗೂ ಬಾರದಷ್ಟು.

"ರೀ," ಎಂದು ಕೂಗಿದಳು, "ಒಬ್ಬಾಕಿನೇ ಎಷ್ಟಂತ ಅಳೀಲಿ? ಹಳ್ಳ ಬಂದದ. ದಾಟ್ತೀರೋ, ಮುಹೂರ್ತ ಹೋಗ್ಲಿ ಅಂತ ಕೂಡ್ತೀರೋ?"

ನನ್ನ ಚಪ್ಪಲಿ ಎಲ್ಲಿ... ಬೇಡ, ಬರಿಗಾಲಲ್ಲೇ